ಕೆಂಡ ಓದಿದ ಪತ್ರಗಳು

"ಈ ಹಲಗೆ ಮಾರಿದ್ದು ಯಾರು? ನೀವೇನಾ?"

ಅರ್ಧ ಸುಟ್ಟು ಕರಕಲಾಗಿದ್ದ ಮರದ ಹಲಗೆಯನ್ನು ಅವಳು ಬಡಗಿಯ ಮೇಜಿನ ಮೇಲೆ ಕುಕ್ಕಿದಳು. ಮರದ ಹೊಟ್ಟು ಮೇಲೆದ್ದು ಇಬ್ಬರ ಮುಖಕ್ಕೂ ಹಾರಿತು.

ಬಡಗಿ ತಲೆಯೆತ್ತಿದ. ಎದುರಿಗೆ ನಿಂತಿದ್ದವಳು ಮಾರುಕಟ್ಟೆ ಬೀದಿಯ ಮೀನಂಗಡಿಯವಳು ಎಂದು ಅವಳ ರಬ್ಬರ್ ಬೂಟು ನೋಡಿಯೇ ಗೊತ್ತಾಗುತ್ತಿತ್ತು. ಆದರೆ ಅವನ ಕಣ್ಣು ನಿಂತಿದ್ದು ಬೇರೆ ಕಡೆ. ಅವಳ ಎಡಹುಬ್ಬು ಅರ್ಧ ಇರಲಿಲ್ಲ!

"ಏನು ನೋಡ್ತಿದ್ದೀರಾ? ನಿಮ್ಮ ಹಲಗೇದೇ ಕೃಪೆ ಇದು! ಇದರ ಮೇಲೆ ಸಾಲ್ಮನ್ ಮೀನಿಟ್ಟು ಕೆಂಡಕ್ಕಿಟ್ಟು ಹತ್ತು ನಿಮಿಷ ಆಗಿಲ್ಲ, ಭಗ್ ಅಂತ ಹೊತ್ತಿಕೊಳ್ತು. ಮನೆಯವರೆಲ್ಲಾ ತಟ್ಟೆ ಇಟ್ಕೊಂಡು ಕೂತಿದ್ರು. ಕೊನೆಗೆ ಒಣ ಬ್ರೆಡ್ ತಿಂದ್ರು!"

"ಎಷ್ಟು ಹೊತ್ತು ನೆನೆಸಿದ್ರಿ?"

"ಏನನ್ನ?"

"ಹಲಗೆನ. ನೀರಲ್ಲಿ."

ಅವಳು ಕರಕಲು ಹಲಗೆಯನ್ನು ಮತ್ತೆ ನೋಡಿದಳು. ನೆನೆಸಬೇಕಾ?! ಯಾರೂ ಹೇಳಲೇ ಇಲ್ಲವಲ್ಲ! ಒಳಗೊಳಗೇ ನಾಚಿಕೆಯಾಯಿತು. ಅವಳಿಗೋ ನಾಚಿಕೆಯಾದರೆ ಕೋಪ ಇಮ್ಮಡಿ. ಮನೆಯಲ್ಲಿ ಅವಳಿಗೆ 'ಕಿಡಿ' ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

"ಮೀನಿನ ಅಡುಗೆ ನಂಗೆ ಹೇಳ್ಕೊಡ್ಬೇಡಿ! ಮೂರು ತಲೆಮಾರಿಂದ ಮೀನು ಮಾರೋರು ನಾವು."

"ಮೀನಿನ ವಿಷಯ ಹೇಳ್ಲಿಲ್ಲ. ಮರದ ವಿಷಯ ಹೇಳ್ದೆ," ಎಂದ ಅವನು, ಉಳಿಯನ್ನು ಒರೆಸುತ್ತಾ. "ಮುಂದಿನ ಭಾನುವಾರ ನಾನೇ ನೆನೆಸಿ ತಂದ್ಕೊಡ್ತೀನಿ. ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."

ಅಯ್ಯೋ, ಈ ಮನುಷ್ಯನ ಕೊಬ್ಬೇ! ದಾರಿಯುದ್ದಕ್ಕೂ ಬೈದುಕೊಂಡೇ ಅವಳು ಅಂಗಡಿ ಸೇರಿದಳು. ಆ ಕೊರಡಿನಂಥವನಿಗೆ ಅವತ್ತೇ ಹೆಸರಿಟ್ಟಳು, 'ಕೊರಡಪ್ಪ'.

ಕೊರಡಪ್ಪ ಹೇಳಿದಂತೆಯೇ ಬಂದ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ದೇವದಾರು ಹಲಗೆ ಹಿಡಿದು ನಿಂತಿದ್ದ.

"ಗುರುತು ಹಾಕಿರೋ ಮುಖ ಮೇಲಕ್ಕೆ ಬರಬೇಕು. ಅದರ ಮೇಲೆ ಮೀನು."

"ಇಲ್ಲಾಂದ್ರೆ?"

"ಆ ಕಡೆ ನಯ ಮಾಡಿದ್ದೀನಿ. ಅಂಟಲ್ಲ."

ಅಷ್ಟೇ ಮಾತು. ಹೊರಟೇಬಿಟ್ಟ.

ಆ ಸಂಜೆ ಅವಳು ಮೀನಿಗೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ನಿಂಬೆಸಿಪ್ಪೆಯ ತುರಿ, ಒಂದು ಚಿಟಿಕೆ ಸಕ್ಕರೆ ಸವರಿ, ಗುರುತು ಮೇಲೆ ಬರುವಂತೆ ಹಲಗೆಯನ್ನು ಬಟ್ಟೆಯಿಂದ ಎತ್ತಿ ಸೀದಾ ಕೆಂಡದ ಮೇಲಿಟ್ಟು, ಅದರ ಮೇಲೆ ಮೀನಿಟ್ಟು ಮುಚ್ಚಳ ಮುಚ್ಚಿದಳು. ಹಲಗೆಯ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು. ಹದಿನೈದು ನಿಮಿಷಕ್ಕೆ ಹಿತ್ತಲ ತುಂಬ ಘಮ!

ಅವಳ ಅಪ್ಪ ದಿನವಿಡೀ ಮೀನು ಕತ್ತರಿಸಿ ಕತ್ತರಿಸಿ, ಮನೆಯಲ್ಲಿ ಮೀನು ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ. ಅವತ್ತು ಎರಡನೇ ಸಲ ಬಡಿಸಿಕೊಂಡರು. ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದ ಅಕ್ಕ, "ಇನ್ಮೇಲೆ ಭಾನುವಾರ ನಾನು ಇಲ್ಲೇ," ಎಂದು ಘೋಷಿಸಿದಳು. ಅಮ್ಮ ಹಲಗೆಯ ಮೇಲೆ ಉಳಿದ ಚೂರನ್ನೂ ಬಿಡಲಿಲ್ಲ.

ಹೀಗೆ ಭಾನುವಾರ ಬಂತೆಂದರೆ ಹಲಗೆ ಬರುತ್ತಿತ್ತು. ಹಲಗೆಯ ಜೊತೆ ಜಗಳವೂ.

"ಇವತ್ತು ಎಂಟು ನಿಮಿಷ ತಡ!"

"ಮರ ನೆನೀಬೇಕಲ್ಲ."

"ಮಾತಾಡೋಕೆ ಕಾಸು ಕೊಡ್ಬೇಕಾ ನಿಮಗೆ?"

ಅವನು ಅವಳನ್ನು ಒಂದು ಕ್ಷಣ ನೋಡುತ್ತಿದ್ದ. ತುಟಿಯಂಚಿನಲ್ಲಿ ನಗು ಬಂತೋ ಇಲ್ಲವೋ ಎನ್ನುವಷ್ಟರಲ್ಲಿ ತಿರುಗಿ ನಡೆಯುತ್ತಿದ್ದ. ಆ ಅರ್ಧ ನಗುವಿಗಾಗಿ ತಾನು ವಾರವಿಡೀ ಕಾಯುತ್ತಿದ್ದೇನೆ ಎಂದು ಗೊತ್ತಾದ ದಿನ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಥೂ, ಹೋಗಿ ಹೋಗಿ ಈ ಕೊರಡಿನ ಮೇಲಾ...?

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಅವಳೇ ಬಾಯಿಬಿಟ್ಟಳು.

"ಮುಂದಿನ ವಾರ ಊಟಕ್ಕೆ ಬನ್ನಿ. ಆರು ಗಂಟೆಗೆ. ಹಲಗೆ ಮಾತ್ರ ನಿಮ್ದು, ಊಟ ಮಾತ್ರ ನಮ್ದು ಅಂದ್ರೆ ಚೆನ್ನಾಗಿರಲ್ಲ."

ಅವನ ಮುಖ ಎಷ್ಟು ಬೆಳಗಿತೆಂದರೆ ಅವಳಿಗೇ ಗಾಬರಿಯಾಯಿತು. "ಓದಿದ್ರಾ...?" ಎಂದ ಮೆಲ್ಲಗೆ. ಅಷ್ಟರಲ್ಲಿ ಐಸ್ ಗಾಡಿಯವನು ಕೂಗಿದ. ಅವಳು ಅತ್ತ ಓಡಿದಳು. ಅವನು ಕೇಳಿದ್ದು ಅವಳ ತಲೆಯಲ್ಲಿ ನಿಲ್ಲಲೇ ಇಲ್ಲ.

ಆ ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪನ ಪಕ್ಕ ನಿಂತು ಹೇಳಿದಳು, "ಅಪ್ಪಾ, ಇವತ್ತು ಊಟಕ್ಕೆ ಬರೋನು... ನಂಗೆ ಇಷ್ಟ."

ಅಪ್ಪನ ಕತ್ತಿ ನಿಂತಿತು. "ಆ ಬಡಗಿನಾ? ಬರ್ಲಿ. ಹೇಗೆ ಊಟ ಮಾಡ್ತಾನೆ ನೋಡೋಣ."

ಅಪ್ಪ ಮನುಷ್ಯರನ್ನು ಅಳೆಯುತ್ತಿದ್ದದ್ದೇ ಹಾಗೆ. ಬಡಿಸಿದ್ದನ್ನು ಸಮಾಧಾನವಾಗಿ ಉಂಡು ಏಳುವವನು ಒಳ್ಳೆಯವನು. ಅಷ್ಟೇ ಅವರ ಲೆಕ್ಕ.

ಮಧ್ಯಾಹ್ನ ಅವನು ತಂದ ಬಟ್ಟೆಯೊಳಗೆ ಅವತ್ತು ಎರಡು ಹಲಗೆಗಳಿದ್ದವು.

"ಎರಡು ಯಾಕೆ?"

"ನೋಡಿದ್ರೆ ಗೊತ್ತಾಗುತ್ತೆ," ಎಂದು ಕಿವಿ ಕೆಂಪಗೆ ಮಾಡಿಕೊಂಡು ಹೋದ.

ನೋಡುವುದೇನು, ಜನ ಜಾಸ್ತಿ ಅಂತ ಎರಡು ತಂದಿದ್ದಾನೆ ಎಂದುಕೊಂಡಳು ಅವಳು. ಮೀನು ಒಂದರಲ್ಲೇ ಹಿಡಿಯಿತು. ಮೇಲಿದ್ದ, ಅಂಚಿನಲ್ಲಿ ಚೆಂದದ ಮರಗಂಟಿದ್ದ ಹಲಗೆಯನ್ನೇ ಆರಿಸಿ ಕೆಂಡಕ್ಕಿಟ್ಟಳು.

ಆರಕ್ಕೆ ಸರಿಯಾಗಿ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ಕೂದಲು. ಅಕ್ಕ ಅವಳ ಪಕ್ಕೆ ತಿವಿದಳು. ಅವಳು ಹೊಗೆಯಾಡುತ್ತಿದ್ದ ಹಲಗೆಯನ್ನು ಹಿಡಿದು ತಂದು ಮೇಜಿನ ನಡುವೆ ಇಟ್ಟಳು. ಮೊದಲ ತುಂಡನ್ನು ಅವನ ತಟ್ಟೆಗೇ ಹಾಕಿದಳು.

ಅವನು ಮೀನನ್ನು ನೋಡಲಿಲ್ಲ. ಹಲಗೆಯ ಗಂಟನ್ನು ನೋಡಿದ. ಕರಕಲಾದ ಅಂಚನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಇದನ್ನೇ... ಇಟ್ರಾ?"

"ಹೂಂ. ಯಾಕೆ? ಇಡೋಕಲ್ವಾ ತಂದಿದ್ದು?"

ಅವನು ಒಂದು ತುತ್ತು ಬಾಯಿಗಿಟ್ಟ. ನೀರು ಕುಡಿದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಕ್ಷಮಿಸಿ. ನನ್ನಿಂದಾಗಲ್ಲ."

ಬಾಗಿಲು ಮುಚ್ಚಿಕೊಂಡಿತು.

"ಒಂದು ತುತ್ತಿಗೆ ಎದ್ದು ಹೋದ," ಎಂದರು ಅಪ್ಪ. ಅವರ ದವಡೆ ಬಿಗಿದಿತ್ತು. "ನನ್ನ ಮಗಳು ಮಾಡಿದ ಅಡುಗೆ ಬಿಟ್ಟು! ಇನ್ನು ಅವನ ಹೆಸರು ಈ ಮನೇಲಿ ಎತ್ತಬಾರದು. ಕೇಳಿಸ್ತಾ?"

"ನಾನ್ಯಾಕೆ ಎತ್ತಲಿ?" ಎಂದು ಅವಳು ಕಿರುಚಿದಳು. ಎಲ್ಲರೆದುರಿಗೆ ಮರ್ಯಾದೆ ತೆಗೆದು ಹೋದನಲ್ಲ! ಏನು ತಪ್ಪು ಮಾಡಿದ್ದೆ ನಾನು? ಏನು?!

ಮುಂದಿನ ಭಾನುವಾರ ಹಲಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅವಳು ಮೀನಿನ ಮೇಲೆ ಕತ್ತಿ ಹಾಕುವ ಸದ್ದಿಗೆ ಗಿರಾಕಿಗಳು ಹೆಜ್ಜೆ ಹಿಂದಿಟ್ಟರು. ತಪ್ಪು ತೂಕ ಹಾಕಿದಳು. ಅಮ್ಮನ ಮೇಲೆ ರೇಗಿದಳು. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು, ಅತ್ತಿದ್ದಕ್ಕೂ ಸಿಟ್ಟಾದಳು.

ಮೂರನೇ ವಾರ ಅಂಗಡಿಯ ಶೀತಲ ಕೋಣೆ ತೊಳೆಯುವಾಗ, ಪೆಟ್ಟಿಗೆಗಳ ಹಿಂದೆ ಒಂದು ಬಟ್ಟೆಗಂಟು ಸಿಕ್ಕಿತು. ಅಪ್ಪನಿಗೆ ಜ್ವರ ಬಂದು ಊಟ ನಿಂತಿದ್ದ ಭಾನುವಾರದ ಹಲಗೆ! ಇಟ್ಟು ಮರೆತೇಬಿಟ್ಟಿದ್ದಳು.

"ನಿನ್ನ ಹಲಗೆಗಿಷ್ಟು ಬೆಂಕಿ ಬೀಳ!" ಎಂದು ಬಟ್ಟೆ ಕಿತ್ತು ಗೋಡೆಗೆ ಬೀಸಿದಳು. ಹಲಗೆ ಮುರಿಯಲಿಲ್ಲ. ನೆಲಕ್ಕೆ ಬಿದ್ದು ಮಗುಚಿಕೊಂಡಿತು.

ಅದರ ಅಡಿಮುಖದಲ್ಲಿ ಪೆನ್ಸಿಲ್ ಅಕ್ಷರ ಇತ್ತು.

'ಹೋದ ವಾರ ನೀವು ಒಂಬತ್ತು ಸಲ ಬೈದಿರಿ. ಅದರ ಹಿಂದಿನ ವಾರ ಆರೇ ಸಲ ಬೈದಿದ್ದು, ಮನೆಗೆ ಹೋಗಿ ಬೇಜಾರಾಯಿತು. ಹುಬ್ಬು ಪೂರ್ತಿ ಬಂದಿದೆ. ಆದರೂ ಅರ್ಧ ಹುಬ್ಬಿನವಳೇ ಕನಸಿಗೆ ಬರುತ್ತಾಳೆ.'

ಅವಳು ಒದ್ದೆ ನೆಲದಲ್ಲೇ ಕೂತಳು. ಮತ್ತೊಮ್ಮೆ ಓದಿದಳು. ಮತ್ತೊಮ್ಮೆ.

ಅಂದರೆ... ಪ್ರತೀ ವಾರ? ಪ್ರತೀ ಹಲಗೆಯಲ್ಲೂ? ನಾಲ್ಕು ತಿಂಗಳು ಅವನು ಬರೆದ, ನಾನು ನೆಟ್ಟಗೆ ಕೆಂಡದ ಮೇಲಿಟ್ಟೆ! 'ಓದಿದ್ರಾ' ಅಂತ ಕೇಳಿದ್ದನಲ್ಲ, ಅವತ್ತು!

ಎದೆ ಕರಗಿ ನೀರಾಯಿತು. ಮರುಕ್ಷಣವೇ ಕುದಿಯಿತು. ಅವಳು ರಬ್ಬರ್ ಬೂಟಿನಲ್ಲೇ ಬಡಗಿಯ ಅಂಗಡಿಗೆ ಓಡಿದಳು.

"ಬಾಯಿ ಇಲ್ವಾ ನಿಂಗೆ?!"

ಅವನು ಮರ ಹೆರೆಯುತ್ತಿದ್ದವನು ಬೆಚ್ಚಿ ನಿಂತ. ಅವಳ ಕೈಯಲ್ಲಿದ್ದ ಹಲಗೆ ನೋಡಿದ.

"ಇದೊಂದೇ ಓದಿರೋದು ನಾನು! ಮಿಕ್ಕಿದ್ದೆಲ್ಲಾ ಕೆಂಡ ಓದ್ತು! ಗುರುತು ಮೇಲಕ್ಕೆ ಬರಬೇಕು ಅಂದೋನು ನೀನೇ. ಕೆಳಗಡೆ ಬರೆದ್ರೆ ನಾನು ಹೇಗೆ ನೋಡ್ಲಿ?"

"ಮಗುಚಿ... ನೋಡ್ಲಿಲ್ವಾ?" ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಮರ ಕೈಗೆ ಬಂದ್ರೆ ಮೊದಲು ಮಗುಚಿ ನೋಡ್ತಾರಲ್ಲ? ನಮ್ಮಲ್ಲಿ ಬರೆಯೋದೇ ಅಲ್ಲಿ. ಯಾರಿಗೆ ಮಾಡಿದ್ದು, ಯಾವತ್ತು ಮಾಡಿದ್ದು, ಎಲ್ಲಾ ಅಡಿಮುಖದಲ್ಲೇ. ನೀವು ಮೀನು ತಗೊಳ್ಳೋವಾಗ ಕಿವಿರು ಎತ್ತಿ ನೋಡಲ್ವಾ?"

"ನಾನು ಬಡಗಿ ಅಲ್ಲ ಕಣೋ, ಪೆದ್ದ!"

ಅವನು ಮೆಲ್ಲಗೆ ಪಕ್ಕದ ಸ್ಟೂಲಿನ ಮೇಲೆ ಕುಸಿದ. "ನಿಮ್ಮ ಮನೆಯವರನ್ನ ನೋಡೋ ಆಸೆ ಅಂತ ಬರೆದಿದ್ದೆ. ಮುಂದಿನ ವಾರವೇ ನೀವು ಊಟಕ್ಕೆ ಕರೆದ್ರಿ. ಓದ್ತಿದ್ದೀರಿ ಅಂತಲೇ ನಂಬ್ಕೊಂಡೆ."

"ಆ ಭಾನುವಾರದ್ದರಲ್ಲಿ ಏನಿತ್ತು?" ಅವಳ ದನಿ ಇಳಿಯಿತು. "ಆ ಗಂಟಿರೋ ಹಲಗೆ."

ಅವನು ಅಂಗೈಗೆ ಅಂಟಿದ್ದ ಹೊಟ್ಟು ಕೊಡವಿಕೊಂಡ.

"ಒಪ್ಪಿಗೆ ಇದ್ರೆ ಈ ಹಲಗೆ ಬೆಂಕಿಗೆ ಇಡಬೇಡಿ, ಇನ್ನೊಂದನ್ನ ಇಡಿ ಅಂತ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಒಪ್ಪಿಗೆಯನ್ನು ತಾನೇ ಸುಟ್ಟು, ತಟ್ಟೆಗೆ ಬಡಿಸಿದ್ದಳು!

"ಯಾವುದಕ್ಕೆ ಒಪ್ಪಿಗೆ? ಅದನ್ನ ಏನಂತ ಕೇಳಿದ್ದೆ?"

ಅವನು ಬಾಯಿ ತೆರೆದ. ಅವಳು ತಟ್ಟನೆ ತಡೆದಳು.

"ಬೇಡ! ಇಲ್ಲಿ ಹೇಳ್ಬೇಡ. ಅವತ್ತು ನನ್ನ ಮಾನ ಹೋಗಿದ್ದು ನಮ್ಮನೆ ಮೇಜಿನ ಮುಂದೆ. ಭಾನುವಾರ ಆರು ಗಂಟೆಗೆ ಬಾ. ಎಲ್ಲಿಂದ ಎದ್ದು ಹೋದ್ಯೋ ಅಲ್ಲೇ ಕೂತು, ಬಾಯಲ್ಲಿ ಹೇಳು. ಬರ್ಲಿಲ್ವೋ, ಇನ್ನು ಮುಂದೆ ನೀನ್ಯಾರೋ ನಾನ್ಯಾರೋ!"

ಭಾನುವಾರ ಆರಾಯಿತು. ಆರೂ ಹತ್ತಾಯಿತು. ಅವಳೇ ಕೊಂಡು, ಅವಳೇ ನೆನೆಸಿದ ಹಲಗೆಯ ಮೇಲೆ ಮೀನು ಬೆಂದು ಮೇಜಿನ ನಡುವೆ ಕೂತಿತ್ತು. ಯಾರಿಗೂ ಏನೂ ಹೇಳಿರಲಿಲ್ಲ ಅವಳು. ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ಬರಲ್ಲ ಅವನು... ಕೊರಡು ಕೊರಡೇ...

ಬಾಗಿಲು ಸದ್ದಾಯಿತು.

ಅವನನ್ನು ಕಂಡದ್ದೇ ಅಪ್ಪ ಎದ್ದು ನಿಂತರು. "ಏನು ಧೈರ್ಯ ನಿಂಗೆ! ಅವತ್ತು ಯಾಕೆ ಎದ್ದು ಹೋದೆ?"

"ಅಪ್ಪಾ, ಅದು..." ಎಂದಳು ಅವಳು.

"ನಿನ್ನ ಕೇಳ್ಲಿಲ್ಲ! ಅವನು ಹೇಳ್ಲಿ."

ಅವನು ಅವತ್ತು ಎದ್ದು ಹೋಗಿದ್ದ ಕುರ್ಚಿಯ ಬೆನ್ನು ಹಿಡಿದು ನಿಂತ. ಅವಳು ಅವನನ್ನೇ ನೋಡಿದಳು. ಮಾತಾಡೋ... ದೇವರಾಣೆ ಮಾತಾಡೋ!

"ಹಲಗೆ ಅಡಿಯಲ್ಲಿ ಒಂದು ಪ್ರಶ್ನೆ ಬರೆದಿದ್ದೆ ಸಾರ್. ಅವರು ಅದನ್ನ ನೋಡ್ಲಿಲ್ಲ. ಬೇಡ ಅಂದ್ರು ಅಂದ್ಕೊಂಡೆ. ಮೀನು ಚೆನ್ನಾಗಿತ್ತು. ನಂಗೆ... ಅಳು ಬಂದ್ಬಿಡ್ತು. ನಿಮ್ಮೆದುರು ಅಳೋಕೆ ನಾಚಿಕೆ ಆಗಿ ಎದ್ದೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಮಾತ್ರ ಕರಗಲಿಲ್ಲ.

"ಮರಕ್ಕೆ ಕೇಳಿದ್ರೆ ಮರ ಉತ್ತರ ಕೊಡುತ್ತಾ? ಅವಳು ಇಲ್ಲೇ ಇದ್ದಾಳೆ. ಕೇಳು!"

ಅವನು ಅವಳ ಕಡೆ ತಿರುಗಿದ. ಮೊದಲ ಸಲ ಕಣ್ಣು ತಪ್ಪಿಸಲಿಲ್ಲ.

"ನಂಗೆ ಮಾತು ಬರಲ್ಲ. ನೀನು ಬೈತಾ ಇದ್ರೆ ಮನೇಲಿ ದೀಪ ಹಚ್ಚಿದ ಹಾಗೆ ಇರುತ್ತೆ. ಈ ಮೂರು ವಾರ ಕತ್ತಲಲ್ಲಿದ್ದೆ. ನಿನ್ನ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀಯಾ?"

ಅವಳ ಕಣ್ಣು ತುಂಬಿ ಅವನ ಮುಖವೇ ಮಂಜಾಯಿತು. ನಾಲ್ಕು ತಿಂಗಳಿಂದ ಕಾದ ಮಾತು! ಆದರೂ ಬಾಯಿಂದ ಬಂದದ್ದು ಬೈಗುಳವೇ.

"ಇಷ್ಟು ಹೇಳೋಕೆ ಒಂದು ಕಾಡು ಸುಡಿಸಿದ್ಯಲ್ಲೋ! ಆಗ್ತೀನಿ. ಆಗದೆ ಇನ್ನೇನು?"

ಅಮ್ಮ ನಕ್ಕೇಬಿಟ್ಟರು. ಅಪ್ಪ ಗಂಟಲು ಸರಿಮಾಡಿಕೊಂಡು ಕೂತು, ಅತಿ ದೊಡ್ಡ ತುಂಡನ್ನು ಹೆಚ್ಚಿನ ತಟ್ಟೆಗೆ ಹಾಕಿದರು. "ಪೂರ್ತಿ ತಿನ್ನಬೇಕು. ಮುಳ್ಳು ಮಾತ್ರ ಉಳೀಬೇಕು."

ಅವನು ಅವಳ ಪಕ್ಕದ ಕುರ್ಚಿಗೆ ಬಂದ. ಅವಳು ಮುಖ ಆಚೆ ತಿರುಗಿಸಿಕೊಂಡೇ ಇದ್ದಳು. ಮೇಜಿನಡಿ ಅವಳ ಕೈ ಮಾತ್ರ ಅವನ ಕೈ ಹುಡುಕಿ ಹಿಡಿಯಿತು.

"ನನ್ನ ಕೋಪ ಇನ್ನೂ ಇಳಿದಿಲ್ಲ," ಎಂದಳು ಪಿಸುಮಾತಿನಲ್ಲಿ.

"ಇಳಿಯೋವರೆಗೂ ಕೂತಿರ್ತೀನಿ."

"ಅದು ಈ ಜನ್ಮದಲ್ಲಿ ಇಳಿಯಲ್ಲ."

"ಸರಿ," ಎಂದು ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ನಂಗೇನೂ ಅವಸರ ಇಲ್ಲ."