ನಲವತ್ತೊಂದು ತಳ

ನೋಡಲು ಬಂದವರು ಒಂದು ಬುಟ್ಟಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ ಬೆಲೆಯ ಚೀಟಿ ತೋರಿಸುತ್ತಾರೆ. ಹೆಣೆಯುವ ಹೆಂಗಸರ ಲೆಕ್ಕ ಬೇರೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜೊಂಡು ಕೊಯ್ಯಲು ಅರ್ಧ ದಿನ, ಒಣಗಿಸಲು ಎಂಟು ದಿನ, ಬಣ್ಣಕ್ಕೆ ಒಂದು ದಿನ. ತಳ ಕಟ್ಟಲು ಒಂದು ಗಂಟೆ. ಗೋಡೆ ಎಬ್ಬಿಸಿ ಬಾಯಿ ಮುಗಿಸಲು ಐದು ದಿನ. ಇದರ ಮೇಲೆ ಎರಡು ಬೆರಳಿನ ಚರ್ಮ, ಒಂದು ಸೊಂಟ.

ಮರಿಗೆ ಇದಕ್ಕಿಂತ ಹೆಚ್ಚು ಬಿದ್ದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂವತ್ತು ದಾಟಿದ್ದರೂ ಬುಟ್ಟಿ ಹೆಣೆಯುವ ಸಂಘದ ಆರು ಹೆಂಗಸರಲ್ಲಿ ಕಿರಿಯಳಾದ್ದರಿಂದ ಎಲ್ಲರಿಗೂ ಅವಳು ಮರಿಯೇ. ಆ ಜೌಗು, ಆ ಜೊಂಡು, ಆ ಹೆಣಿಗೆ ಅವರ ಜನಕ್ಕೆ ಅಜ್ಜಿಯ ಅಜ್ಜಿಯಿಂದ ಬಂದದ್ದು. ಪ್ಲಾಸ್ಟಿಕ್ ಬಂದು ಬುಟ್ಟಿ ಕೇಳುವವರಿಲ್ಲದೆ ಹೋದಾಗ, ಮರಿಯ ದೊಡ್ಡಮ್ಮ ಮನೆಯ ಮುಂದಿನ ಕೋಣೆ ತೆರೆದು ಊರೂರಿನವರನ್ನು ಕರೆದಳು. ಬನ್ನಿ, ಹೆಣೆಯುವುದನ್ನು ನೋಡಿ, ದೋಣಿಯಲ್ಲಿ ಜೌಗು ಸುತ್ತಿ, ಮಹಡಿಯ ಮೇಲೆ ಒಂದು ದಿನ ಉಳಿಯಿರಿ ಎಂದಳು. ಜನ ಬಂದರು. ಆರು ಒಲೆ ಉರಿಯತೊಡಗಿದವು.

ಬಂದವರಿಗೆ ತೋರಿಸುವುದು ತಳವನ್ನು ಮಾತ್ರ. ಹದಿನಾರು ಎಳೆ ಜೊಂಡು ಒಂದು ಗಂಟೆಯೊಳಗೆ ಎಂಟು ಎಸಳಿನ ಹೂವಾಗಿ ಅರಳುತ್ತದೆ; ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಗೋಡೆ ಹೆಣೆಯುವುದನ್ನು ನೋಡಿದರೆ ಆಕಳಿಸುತ್ತಾರೆ. ಹಾಗಾಗಿ ಕಿಟಕಿಯ ಬಳಿಯ ಹಲಗೆಯ ಮೇಲೆ ಕೂತು ಬುಟ್ಟಿ ಶುರು ಮಾಡುವುದು ಮರಿಯ ಕೆಲಸವಾಯಿತು. ಅವಳ ಹೂವಿನಷ್ಟು ಚೊಕ್ಕ ಹೂವು ದೊಡ್ಡಮ್ಮನ ಸೊಸೆಯ ಕೈಗಾಗಲಿ ಇನ್ಯಾರ ಕೈಗಾಗಲಿ ಬರುತ್ತಿರಲಿಲ್ಲ.

ತೊಡಕೊಂದಿತ್ತು. ಶುರು ಮಾಡಿದವಳೇ ಮುಗಿಸಬೇಕು. ಒಬ್ಬೊಬ್ಬಳ ಬಿಗಿ ಒಂದೊಂದು. ನಡುವೆ ಕೈ ಬದಲಾದರೆ ಬುಟ್ಟಿ ಒಂದು ಪಕ್ಕಕ್ಕೆ ವಾಲುತ್ತದೆ. ಅಷ್ಟೇ ಅಲ್ಲ, ಜೊಂಡು ಆರೂ ಜನ ಕೊಯ್ದದ್ದು, ಆದ್ದರಿಂದ ಅರ್ಧ ಬುಟ್ಟಿ ಬಿಟ್ಟು ಯಾರೂ ಮನೆ ಬಿಟ್ಟು ಹೋಗುವಂತಿರಲಿಲ್ಲ. ಮರಿಯ ತಳಗಳು ಅವಳು ಮಲಗುವ ಕೋಣೆಯಲ್ಲಿ ಸೇರುತ್ತಾ ಹೋದವು. ಮಂಚದ ಸುತ್ತ, ಮಂಚದ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ. ಉದ್ದುದ್ದ ಎಳೆಗಳು ಮೇಲಕ್ಕೆ ನಿಂತಿರುತ್ತಿದ್ದವು. ಮಗ್ಗುಲು ಬದಲಿಸಿದರೆ ಕೆನ್ನೆಗೆ ಚುಚ್ಚುತ್ತಿದ್ದವು.

ಪ್ರವಾಸಿಗರನ್ನು ಕರೆತರುತ್ತಿದ್ದವನು ವ್ಯಾನಿನವನು. ವಾರಕ್ಕೊಮ್ಮೆ, ಗುರುವಾರ ಬರುತ್ತಿದ್ದ. ಮೊದಲ ತಿಂಗಳೆಲ್ಲ ಬಾಗಿಲ ಚೌಕಟ್ಟಿಗೆ ಒರಗಿ ನೋಡಿ, ಒಂದು ದಿನ ಅತ್ಯಂತ ಗಂಭೀರವಾಗಿ ಕೇಳಿದ್ದ, "ನಿಮಗೆ ಬುಟ್ಟಿ ಮುಗಿಸೋಕೂ ಬರುತ್ತಾ, ಇಲ್ಲಾ ಇಷ್ಟೇನಾ?"

ಮರಿ ತಲೆ ಎತ್ತಿರಲಿಲ್ಲ. "ನಿಮಗೆ ವ್ಯಾನ್ ಹಿಂದಕ್ಕೆ ತಿರುಗಿಸೋಕೆ ಬರುತ್ತಾ? ಹೋದ ವಾರ ನಮ್ಮ ಬೇಲಿ ಮುರಿದಿದೆ."

ಅವನ ಕಿವಿ ಕೆಂಪಾಯಿತು. ಮುಂದಿನ ವಾರ ಬೇಗ ಬಂದು ಬೇಲಿ ಕಟ್ಟಿದ. ಅಂದಿನಿಂದ ಅವಳನ್ನು ಆರಂಭಶೂರೆ ಎಂದು ಕರೆಯತೊಡಗಿದ. ಬಂದವರ ಕ್ಯಾಮೆರಾಗಳೆಲ್ಲ ಅವಳ ಬೆರಳನ್ನೇ ನೋಡುತ್ತಿದ್ದರೆ, ಅವನು ಮಾತ್ರ ಅವಳು ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಾಗ ಮೇಲಕ್ಕೇಳುತ್ತಿದ್ದ ಒಂದು ಹುಬ್ಬನ್ನು ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದಾಗ ಆ ಹುಬ್ಬು ಇನ್ನಷ್ಟು ಮೇಲಕ್ಕೇಳುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು.

ಒಂದು ಗುರುವಾರ ಬಂದವರನ್ನು ದೊಡ್ಡಮ್ಮ ದೋಣಿಗೆ ಕರೆದೊಯ್ದಳು. ವ್ಯಾನಿನವನು ಗಾಡಿ ತೊಳೆಯಲು ಹೋಗಲಿಲ್ಲ. ಹಲಗೆಯ ಎದುರು ಕೂತು ತನ್ನ ಸುದ್ದಿ ಹೇಳಿದ. ಮಾಲೀಕರು ಈ ದಾರಿಗೆ ದೊಡ್ಡ ಬಸ್ಸು ಹಾಕುತ್ತಿದ್ದಾರೆ. ತನ್ನನ್ನು ಬಂದರಿನ ಕಡೆಗೆ ಹಾಕಿದ್ದಾರೆ, ಇಲ್ಲಿಂದ ಎಂಟು ಗಂಟೆಯ ದಾರಿ, ಒಪ್ಪದಿದ್ದರೆ ಕೆಲಸವಿಲ್ಲ. ಅಮ್ಮನೂ ಅಲ್ಲೇ ಇದ್ದಾಳೆ, ಎರಡು ಕೋಣೆಯ ಮನೆಯಿದೆ. ಇನ್ನು ಹನ್ನೆರಡು ದಿನ.

"ನನ್ನ ಜೊತೆ ಬರ್ತೀರಾ?" ಎಂದ. ಕೇಳಿದ್ದು ಅಷ್ಟೇ. ಆದರೆ ಕೈಯಲ್ಲಿದ್ದ ವ್ಯಾನಿನ ಕೀ ಒಂದೇ ಸಮನೆ ಸದ್ದು ಮಾಡುತ್ತಿತ್ತು.

ಮರಿ ಎದ್ದು ತನ್ನ ಕೋಣೆಯ ಬಾಗಿಲು ತೆರೆದಳು.

ಅವನು ಒಳಗೆ ಕಾಲಿಡಲು ನೋಡಿದ, ಜಾಗವಿರಲಿಲ್ಲ. ಹೊಸ್ತಿಲಲ್ಲೇ ನಿಂತು ಒಂದೊಂದಾಗಿ ಎಣಿಸಿದ. ನಲವತ್ತೊಂದು.

"ಒಂದಕ್ಕೆ ಐದು ದಿನ," ಎಂದಳು ಮರಿ. "ಏಳು ತಿಂಗಳು. ಅಲ್ಲಿವರೆಗೂ ನಾನು ಹೊಸ್ತಿಲು ದಾಟೋ ಹಾಗಿಲ್ಲ."

ಅವನಿಗೆ ದೊಡ್ಡಮ್ಮನ ಮೇಲೆ ಸಿಟ್ಟು ಬಂತು. ವಾರಕ್ಕೊಂದು ಹೂವು ತೋರಿಸಿದರೆ ಸಾಕಾಗಿತ್ತು, ವಾರವೆಲ್ಲ ಕೂತು ಅದನ್ನು ಮುಗಿಸಬಹುದಿತ್ತು, ಇಷ್ಟೊಂದು ಶುರು ಮಾಡಿಸಿದವರು ಯಾರು ಎಂದು ಕೇಳಿದ.

ಮರಿ ಒಂದು ತಳವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ನೀವು," ಎಂದಳು.

"ನಾನಾ?"

"ದೊಡ್ಡಮ್ಮ ಹೇಳಿದ್ದು ಗುರುವಾರ ಬೆಳಿಗ್ಗೆ ಒಂದು ಅಂತ. ಹೂವು ಮುಗಿದ ತಕ್ಷಣ ಜನ ಚಹಾಗೆ ಏಳ್ತಾರೆ, ನೀವೂ ಅವರ ಹಿಂದೆ ಹೋಗಿಬಿಡ್ತೀರಿ. ಇನ್ನೊಂದು ಶುರು ಮಾಡಿದ್ರೆ ಇನ್ನೊಂದು ಗಂಟೆ ನಿಂತಿರ್ತಿದ್ರಿ." ಅವಳು ಅವನ ಮುಖ ನೋಡಲಿಲ್ಲ. "ಮುಗಿಸೋಕೆ ಕೂತರೆ ಯಾರೂ ನೋಡಲ್ಲ. ನನಗೆ ನೀವು ನೋಡೋದು ಬೇಕಾಗಿತ್ತು."

ಕೀಯ ಸದ್ದು ನಿಂತಿತು.

"ಗೋಡೆ ಹೆಣೆದಿದ್ರೂ ನಾನು ನಿಂತಿರ್ತಿದ್ದೆ," ಎಂದ ಅವನು ಮೆಲ್ಲಗೆ. "ನೀನು ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ರೂ."

ಹಾಗೆಂದು ಒಂದು ವರ್ಷದ ಹಿಂದೆ ಹೇಳಬಾರದಿತ್ತೇ ಎಂದು ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ಅವನ ತೋಳಿಗೆ ಹಣೆ ಆನಿಸಿ ನಿಂತಳು. ಸುತ್ತಮುತ್ತ ನಲವತ್ತೊಂದು ತಳದ ಎಳೆಗಳು ನೆಟ್ಟಗೆ ನಿಂತಿದ್ದವು, ಪಂಜರದ ಕಂಬಿಗಳ ಹಾಗೆ. ಅದನ್ನು ಕಟ್ಟಿದವಳೂ ಅವಳೇ.

ಸಂಜೆ ದೊಡ್ಡಮ್ಮನ ಮುಂದೆ ತಪ್ಪೊಪ್ಪಿಕೊಂಡಳು. ದೊಡ್ಡಮ್ಮ ಜೊಂಡಿನ ಕಟ್ಟು ಬಿಚ್ಚುತ್ತಲೇ ಕೇಳಿಸಿಕೊಂಡಳು.

"ಜೊಂಡು ಅಳೆದು ಕೊಡೋಳು ನಾನು, ಮರಿ. ಲೆಕ್ಕ ತಪ್ಪುತ್ತೆ ಅಂದ್ಕೊಂಡ್ಯಾ?"

"ಗೊತ್ತಿದ್ದೂ ಸುಮ್ಮನಿದ್ರಾ?"

"ನಿನ್ನ ಹೂವು ನೋಡೋಕೆ ಜನ ಬರ್ತಿದ್ರು. ನೀನು ಹೋದರೆ ಯಾರು ಬರ್ತಾರೆ ಅಂತ ನನಗೂ ಭಯ ಇತ್ತು." ದೊಡ್ಡಮ್ಮ ಕಟ್ಟನ್ನು ಕೆಳಗಿಟ್ಟಳು. "ನಾನು ಮಾಡಿದ್ದೂ ಸರಿಯಲ್ಲ ಬಿಡು. ಆದ್ರೆ ಒಂದು ಎಳೆಯನ್ನೂ ಹಾಳು ಮಾಡೋ ಹಾಗಿಲ್ಲ. ಆರು ಜನರ ಕೈ ಅದು."

ಹಾಳು ಮಾಡುವುದಿಲ್ಲ ಎಂದಳು ಮರಿ. ಆದರೆ ನಾಳೆಯಿಂದ ಒಂದು ಹೊಸ ತಳವನ್ನೂ ಕಟ್ಟುವುದಿಲ್ಲ, ಕಿಟಕಿಯ ಹಲಗೆಯನ್ನು ನಿಮ್ಮ ಸೊಸೆಗೆ ಕೊಡಿ, ಹೂವು ನಾನೇ ಕಲಿಸುತ್ತೇನೆ ಎಂದಳು.

ಸೊಸೆಯ ಹೂವಿನಲ್ಲಿ ಏಳನೆಯ ಎಸಳು ಸದಾ ಸೊಟ್ಟ. ಬಂದವರಿಗೆ ಅದು ಕಾಣಲಿಲ್ಲ. ಹಾಗೆಯೇ ಬಾಯಿ ಬಿಟ್ಟುಕೊಂಡು ನೋಡಿದರು, ಅಷ್ಟೇ ಫೋಟೊ ತೆಗೆದರು. ಒಳಕೋಣೆಯಲ್ಲಿ ಕೂತಿದ್ದ ಮರಿಗೆ ಅದು ಕೇಳಿಸುತ್ತಿತ್ತು. ಕೈಯಲ್ಲಿದ್ದ ಎಳೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆಯುತ್ತಿದ್ದಳು.

ಹನ್ನೆರಡನೆಯ ದಿನ ವ್ಯಾನಿನವನು ಹೋದ. ಅಷ್ಟು ಹೊತ್ತಿಗೆ ಮೂವತ್ತೊಂಬತ್ತು ಉಳಿದಿದ್ದವು. ದಿನವೂ ಸಂಜೆ ಫೋನ್ ಮಾಡಿ ಎಷ್ಟಾಯಿತು ಎಂದು ಮಾತ್ರ ಕೇಳುತ್ತಿದ್ದ, ಬೇಗ ಮುಗಿಸು ಎಂದು ಒಮ್ಮೆಯೂ ಹೇಳಲಿಲ್ಲ. ನಡುವೆ ಅವಳ ಹೆಬ್ಬೆರಳು ಊದಿಕೊಂಡಿತು. ಎರಡು ವಾರ ಎಳೆ ಹಿಡಿಯಲಾಗದೆ ತಳಗಳ ನಡುವೆ ಕೂತು ಕೋಣೆಯ ಗೋಡೆ ನೋಡಿದಳು. ಅವನು ಎರಡು ಸಲ ಬಂದ, ಬಾಗಿಲಿಗೆ ಒರಗಿ ಅವಳು ಗೋಡೆ ಹೆಣೆಯುವುದನ್ನು ದಿನವಿಡೀ ನೋಡಿದ. ಒಂದು ಸಲವೂ ಆಕಳಿಸಲಿಲ್ಲ.

ಏಳು ತಿಂಗಳು ಒಂಬತ್ತಾಯಿತು. ಕೊನೆಯ ಬುಟ್ಟಿಯ ಬಾಯಿ ಮುಗಿದ ದಿನ ಕೋಣೆಯಲ್ಲಿ ಒಂದು ಮಂಚ ಮಾತ್ರ ಉಳಿದಿತ್ತು. ಉಳಿದ ಐದು ಹೆಂಗಸರೂ ಅವಳನ್ನು ಕಳಿಸಲು ಅವನ ವ್ಯಾನಿನವರೆಗೆ ಬಂದರು.

ಮರಿಗೆ ಅವನು ಸಿಕ್ಕಿದ. ಹೂವು ಸೊಸೆಯ ಕೈಯಲ್ಲಿ ಉಳಿಯಿತು. ಬಂದರಿನ ಕಡೆ ಜೊಂಡು ಬೆಳೆಯುವುದಿಲ್ಲ.