ಕಾರ್ಮಿನಳ ಹೊಟ್ಟೆನೋವು

"ಎಲ್ಲಿ ನೋಯುವುದು? ಇಲ್ಲಿಯಾ?"

ತಾಯಿ ಹೆಲನ್ ಎರಡು ಬೆರಳಿನಿಂದ ಮಗಳ ಹೊಟ್ಟೆ ಒತ್ತಿ ನೋಡಿದಳು. ಅವಳು ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಸುಳ್ಳು ಹೊಟ್ಟೆನೋವು ಅವಳೆದುರು ನಡೆಯುತ್ತಿರಲಿಲ್ಲ. ಆದರೆ ಕಾರ್ಮಿನಳದು ಸುಳ್ಳಲ್ಲ, ಪಾಪ. ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆ ನಿಜವಾಗಿಯೂ ಕಿವುಚುತ್ತಿತ್ತು.

"ಮಾಯ್, ಬುದ್ಧ ಡಾಕ್ಟರಾ? ದುಃಖಕ್ಕೆ ಮದ್ದು ಹುಡುಕಿದ ಅಂತ ಟೀಚರ್ ಹೇಳಿದರು."

ಅದು ೧೯೫೬. ಬುದ್ಧನ ಎರಡೂವರೆ ಸಾವಿರ ವರ್ಷದ ಉತ್ಸವವೆಂದು ಅಪೊಲೋನಿಯಾ ಟೀಚರ್ ಬೋರ್ಡಿನಲ್ಲಿ ನಾಲ್ಕು ಮಾತು ಬರೆದಿದ್ದರು. ದುಃಖ ಇದೆ. ಅದಕ್ಕೆ ಕಾರಣ ಆಸೆ. ದುಃಖ ಹೋಗುತ್ತದೆ. ಹೋಗಲು ದಾರಿ ಇದೆ.

ಕಾರ್ಮಿನ್ ಅದನ್ನು ಬಾಯಿಪಾಠ ಒಪ್ಪಿಸಿದಾಗ ಹೆಲನ್ ನಕ್ಕಳು. "ನಮ್ಮ ಡಾಕ್ಟರ್ ದಿನಾ ಕೇಳುವುದೂ ಇದನ್ನೇ ಅಲ್ವಾ. ಎಂತ ಕಾಯಿಲೆ, ಎಂತಕ್ಕೆ ಬಂತು, ಗುಣ ಆಗ್ತದಾ, ಮದ್ದು ಎಂತ. ಕಾರಣ ತಪ್ಪಿದರೆ ಮದ್ದೂ ತಪ್ಪುತ್ತದೆ. ನಿನ್ನದಕ್ಕೆ ಕಾರಣ ಎಂತ, ಹೇಳು."

ಕಾರ್ಮಿನ್ ಬುತ್ತಿ ಹಿಡಿದು ಸ್ಕೂಲಿಗೆ ಓಡಿದಳು. ಕಾರಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹೆಸರು ಅಲೀಮಮ್ಮ, ಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗಿ. ಒಂದನೇ ಕ್ಲಾಸಿನಿಂದ ಕಾರ್ಮಿನಳ ಪಕ್ಕದಲ್ಲೇ ಕೂರುತ್ತಿದ್ದ ಕುಶಲಾ ಈಗ ಆ ಹೊಸ ಹುಡುಗಿಯ ಬೆಂಚಿಗೆ ಹೋಗಿದ್ದಳು. ಇಬ್ಬರೂ ಇಡೀ ದಿನ ಕಿಸಿಕಿಸಿ ನಗುತ್ತಿದ್ದರು.

ಸಂಜೆ ಮನೆಯವರೆಲ್ಲ ಜಪಮಾಲೆ ಹಿಡಿದು ಮೊಣಕಾಲೂರಿದಾಗ ಕಾರ್ಮಿನ್ ಗುಟ್ಟಾಗಿ ತನ್ನ ಮದ್ದನ್ನು ಬೇಡಿಕೊಂಡಳು. ಅಲೀಮಮ್ಮ ಸ್ಕೂಲಿಗೆ ಬಾರದಿರಲಿ.

ಮರುದಿನ ಅಲೀಮಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರವಂತೆ.

ಕಾರ್ಮಿನ್ ಚೀಲ ಎತ್ತಿಕೊಂಡು ಹೋಗಿ ಕುಶಲಾಳ ಪಕ್ಕದಲ್ಲಿ ಕುಳಿತಳು. ಬೇಕಾದದ್ದು ಸಿಕ್ಕಿತ್ತು. ಆದರೆ ಕುಶಲಾ ಬಾಗಿಲ ಕಡೆ ನೋಡಿದಾಗಲೆಲ್ಲ ಇವಳ ಹೊಟ್ಟೆ ಕಿವುಚಿತು. ಅಲೀಮಮ್ಮ ಇಲ್ಲದಿದ್ದರೂ ನೋವು ಇತ್ತು. ಹಾಗಾದರೆ ಕಾರಣ ಅವಳಲ್ಲ, ಬೇರೆ ಎಂತದೋ. ಜೊತೆಗೆ ಹೆದರಿಕೆ ಬೇರೆ. ಜ್ವರ ತನ್ನ ಪ್ರಾರ್ಥನೆಯಿಂದಲೇ ಬಂದದ್ದೋ ಏನೋ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎಲ್ಲವನ್ನೂ ಕುಶಲಾಳಿಗೆ ಹೇಳಿ ಅತ್ತುಬಿಟ್ಟಳು.

ಕುಶಲಾ ಅವಳನ್ನು ದುರುಗುಟ್ಟಿ ನೋಡಿದಳು. "ಎಂತ ಮಾರಾಯ್ತಿ ನೀನು. ಅವಳಿಗೆ ಜ್ವರ ಬಂದದ್ದು ಮಳೆಯಲ್ಲಿ ನೆನೆದು. ನಿನ್ನೆ ನಾನು ಅವಳ ಮನೆಗೆ ಹೋಗಿದ್ದೆ. ನಿನ್ನನ್ನು ಕೇಳಿದಳು."

"ನನ್ನನ್ನಾ? ಎಂತ ಕೇಳಿದಳು?"

"ಕಾರ್ಮಿನ್ ನನ್ನ ಹತ್ತಿರ ಯಾಕೆ ಮಾತಾಡುವುದಿಲ್ಲ, ನಾನು ಎಂತ ತಪ್ಪು ಮಾಡಿದ್ದೇನೆ ಅಂತ."

ಕಾರ್ಮಿನ್ ಬುತ್ತಿ ಮುಚ್ಚಿಟ್ಟಳು.

ಸೋಮವಾರ ಅಲೀಮಮ್ಮ ಬಂದಳು. ಮುಖ ಸೊರಗಿತ್ತು. ತನ್ನ ಜಾಗದಲ್ಲಿ ಕಾರ್ಮಿನ್ ಇದ್ದದ್ದು ಕಂಡು ಹಿಂದಿನ ಬೆಂಚಿನ ಕಡೆ ತಿರುಗಿದಳು.

"ಅಲ್ಲಿಗೆ ಎಂತಕ್ಕೆ ಹೋಗುವುದು? ಬಾ, ಇಲ್ಲಿ ಜಾಗ ಉಂಟು," ಎಂದಳು ಕಾರ್ಮಿನ್.

ಜಾಗ ಎಲ್ಲಿತ್ತು? ಅದು ಇಬ್ಬರ ಬೆಂಚು. ಕಾರ್ಮಿನ್ ತುದಿಗೆ ಸರಿದಳು, ಇನ್ನೂ ಸರಿದಳು. ಅಲೀಮಮ್ಮ ನಡುವೆ ಕುಳಿತು, ಮೊದಲು ಕಾರ್ಮಿನಳ ಕಡೆಗೇ ತಿರುಗಿ ನಕ್ಕಳು.

ಎರಡನೇ ಬೆಲ್ ಹೊಡೆಯುವಾಗ ಅರ್ಧ ಮೈ ಬೆಂಚಿನ ಹೊರಗಿಟ್ಟು ಕುಳಿತಿದ್ದ ಕಾರ್ಮಿನಳ ಕಾಲು ಜೋಮು ಹಿಡಿದಿತ್ತು. ಹೊಟ್ಟೆಯ ನೆನಪು ಅವಳಿಗೆ ಆಗಲೇ ಬಂದದ್ದು. ನೋವು ಯಾವಾಗ ಹೋಯಿತೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ.