ನಾಲ್ಕು ಸಾವಿರದ ಒಂದನೆಯ ನಿಯಮ

“ನೀನು ಜ್ವರ ಬಂದು ಮಲಗಿದ್ರೆ ಇಲ್ಲಿ ಎಲ್ಲಾ ನಿಂತೋಗುತ್ತೆ, ಎವರೆಟ್. ಬೇರೆಯವರೂ ನೋಡ್ಕೊಳ್ಳೋ ಹಾಗಿರ್ಬೇಕು. ನಮ್ಮ ಇನ್ನೊಬ್ಬ ಪ್ರೋಗ್ರಾಮರ್ ಕಾನ್‌ಸ್ಟನ್ಸ್ ನಿನ್ನ ಪ್ರೋಗ್ರಾಂನೆಲ್ಲಾ ಅರ್ಥವಾಗೋ ಹಾಗೆ ಜೋಡಿಸಿ ಕೊಡ್ತಾಳೆ,” ಎಂದ ಮ್ಯಾನೇಜರ್ ಡನ್‌ಲಪ್, ಡೋನಟ್ ಅಗಿಯುತ್ತ.

ಎವರೆಟ್ ಪಿಂಗ್ರಿಗೆ ಮೈಯೆಲ್ಲ ಉರಿಯಿತು. 1986ರ ಮ್ಯಾಸಚೂಸೆಟ್ಸ್‌ನಲ್ಲಿ, ಹಳೇ ಬಟ್ಟೆ ಗಿರಣಿಯೊಳಗೆ ನಡೆಯುತ್ತಿದ್ದ ಆ ಕಂಪ್ಯೂಟರ್ ಕಾರ್ಖಾನೆಯಲ್ಲಿ, ಯಾವ ಯಂತ್ರಕ್ಕೆ ಎಷ್ಟುದ್ದದ ಕೇಬಲ್ ಕಳಿಸಬೇಕೆಂದು ತೀರ್ಮಾನಿಸುತ್ತಿದ್ದುದು ಅವನ ಪ್ರೋಗ್ರಾಂ. ‘ಹೀಗಿದ್ದರೆ ಹೀಗೆ ಮಾಡು’ ಎಂಬ, ಐದು ವರ್ಷದಲ್ಲಿ ಬರೆದ ನಾಲ್ಕು ಸಾವಿರ ನಿಯಮಗಳು. ಯಾವುದಾದರೂ ಆರ್ಡರ್ ಕೆಟ್ಟಾಗ ಮಾತ್ರ ಅವನು ಒಂದು ನಿಯಮ ಬರೆಯುತ್ತಿದ್ದ. ಮುಂದೆ ಬೇಕಾದೀತೆಂದು ಸುಮ್ಮನೆ ಬರೆದದ್ದು ಒಂದೂ ಇಲ್ಲ. “ನನ್ನ ಹತ್ರ ದಂಡಪಿಂಡಗಳಿಗೆ ಜಾಗ ಇಲ್ಲ,” ಎಂದು ಡನ್‌ಲಪ್‌ನ ಹೊಟ್ಟೆಯನ್ನೇ ನೋಡುತ್ತ ಹೇಳುವುದು ಅವನ ರೂಢಿ. ಅಂಥ ಪ್ರೋಗ್ರಾಂ ಅನ್ನು ಈಗ ಯಾವ ಪೆದ್ದನಾದರೂ ನೋಡಿಕೊಳ್ಳುವಂತೆ ಮಾಡುವುದಂತೆ! ಆಮೇಲೆ ತನ್ನನ್ನು ಮನೆಗೆ ಕಳಿಸುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದಾಗ ಅವನು ಇನ್ನೊಂದು ನಿಯಮ ಸೇರಿಸಿದ. ಪಿಂಗ್ರಿ ಮೂವತ್ತು ದಿನ ಕೆಲಸಕ್ಕೆ ಬಾರದಿದ್ದರೆ, ಪ್ರತಿ ಆರ್ಡರಿಗೂ ಬೇಕಾದ್ದಕ್ಕಿಂತ ಒಂದು ಅಡಿ ಗಿಡ್ಡ ಕೇಬಲ್ ಕಳಿಸು. ತನ್ನ ಹೆಸರಿನ ಬದಲು ನೌಕರಿ ಸಂಖ್ಯೆ ಹಾಕಿದ, ಸುತ್ತ ಕೇಬಲ್ಲಿನ ನಿಯಮಗಳದೇ ವೇಷ ತೊಡಿಸಿದ. ತಾನಿರುವವರೆಗೆ ಅದು ಮಲಗಿರುತ್ತದೆ. ತಾನು ಹೋದ ಮೇಲೆ ಗಿರಾಕಿಗಳು ಬೈಯುತ್ತಾರೆ, ಕಾನ್‌ಸ್ಟನ್ಸ್‌ಳ ಜೋಡಣೆಗೆ ಕೆಟ್ಟ ಹೆಸರು ಬರುತ್ತದೆ, ಡನ್‌ಲಪ್ ಫೋನು ಹಿಡಿದು ಅಂಗಲಾಚುತ್ತಾನೆ.

“ಐದು ವರ್ಷದ ಆರ್ಡರೆಲ್ಲಾ ಪ್ರೋಗ್ರಾಂನಲ್ಲಿ ಮತ್ತೆ ಓಡಿಸಿ, ಉತ್ತರ ಸರಿ ಬರುತ್ತಾ ನೋಡ್ತೀನಿ,” ಎಂದಳು ಕಾನ್‌ಸ್ಟನ್ಸ್.

“ಓಡಿಸಮ್ಮ ತಾಯಿ. ಒಂದು ತಪ್ಪು ಸಿಕ್ಕಿದ್ರೂ ನನ್ನ ಹೆಸರು ಬದಲಾಯಿಸ್ಕೋತೀನಿ.” ಮಲಗಿದ ನಿಯಮ ತಪ್ಪು ಮಾಡುವುದಾದರೂ ಹೇಗೆ? ಪಾಪ, ಓಡಿಸಲಿ, ಎಂದು ಒಳಗೊಳಗೇ ನಕ್ಕ.

ಮೂರು ವಾರವಾದ ಮೇಲೆ ಅವಳು ಡನ್‌ಲಪ್‌ನ ಜೊತೆ ಬಂದಳು.

“ನೀನು ಹೇಳಿದ್ದು ನಿಜ, ಎವರೆಟ್. ಒಂದು ತಪ್ಪೂ ಇಲ್ಲ.”

ಅವನು ಕುರ್ಚಿಗೆ ಒರಗಿದ. “ಮೊದಲೇ ಹೇಳಿದ್ನಲ್ಲ?”

“ಆದ್ರೆ ಇನ್ನೊಂದು ಪಟ್ಟಿ ತೆಗೆದೆ. ಇಷ್ಟು ವರ್ಷದಲ್ಲಿ ಒಂದು ಸಲನೂ ಕೆಲಸ ಮಾಡದೆ ಕೂತಿರೋ ನಿಯಮಗಳದ್ದು. ಅವನ್ನ ಕಿತ್ತು ಹಾಕಿದ್ರೆ ಮುಂದಿನವರಿಗೆ ಸುಲಭ. ಬೇರೆಯವರ ಪ್ರೋಗ್ರಾಂನಲ್ಲಾದ್ರೆ ಇಂಥವು ನೂರಾರು ಸಿಗುತ್ತೆ, ಒಂದೊಂದನ್ನೂ ಓದೋಕೆ ಯಾರಿಗೂ ಪುರಸೊತ್ತಿರಲ್ಲ.” ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಪಿಂಗ್ರಿ ಬರೆದ ನಾಲ್ಕು ಸಾವಿರ ನಿಯಮಗಳೂ ದುಡಿದಿದ್ದವು. ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ಅದರಲ್ಲಿ ಅವನ ನೌಕರಿ ಸಂಖ್ಯೆ.